ಪದಚರ್ಚೆ: ಟ್ರಾನ್ಸ್‌ಫಾರ್ಮರ್ ಕೋರಿನ ‘ಏರ್ ಗ್ಯಾಪ್’ಗೆ ಏನನ್ನೋಣ? (ತುರ್ತು)

ರೂಪರ್ಟ್ ನೀವ್ 1961ರಲ್ಲಿ ಇಂಗ್ಲೆಂಡಿನಲ್ಲಿ ಶುರುಮಾಡಿದ ಮಿಕ್ಸಿಂಗ್ ಕನ್ಸೋಲ್ (ಸ್ಟುಡಿಯೋದಲ್ಲಿ ಹಲವು ಧ್ವನಿಗಳನ್ನು ಬೆರೆಸುವ ಮೇಜು) ಕಂಪನಿಯ ಇತಿಹಾಸ ಅನುವಾದವಾಗುತ್ತಿದೆ, ನಾಳೆ ಅಚ್ಚಿಗೆ ಹೋಗಬೇಕು. ಕನ್ಸೋಲಿನಲ್ಲಿ ಮೈಕಿನ ಸಿಗ್ನಲ್ ಹಿಗ್ಗಿಸುವ, 1970ರ 1073 ಮಾಡ್ಯೂಲಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೋರಿನಲ್ಲಿ (ತಂತಿ ಸುತ್ತಿದ ತಗಡುಗಳ ಕಟ್ಟು) ಬೇಕೆಂದೇ ‘ಏರ್ ಗ್ಯಾಪ್’ ಬಿಟ್ಟಿದ್ದರಲ್ಲ, ಅದಕ್ಕೆ ಕರಡಿನಲ್ಲಿ ‘ಗಾಳಿಬಿರುಕು’ ಎಂದಿದೆ. ಓದಿದವರು ಕೋರ್ ಒಡೆದಿದೆ ಅಂದುಕೊಳ್ಳುತ್ತಾರೆ. ಬೇರೆ ಪದ ಬೇಕು.

---

> ಗಾಳಿಬಿರುಕು

ಬಿರುಕನ್ನೂ ತೆಗೆಯಿರಿ, ಗಾಳಿಯನ್ನೂ ತೆಗೆಯಿರಿ. ಅಲ್ಲಿರುವುದು ಕಾಗದ. ಮಾಮೂಲಿ ಟ್ರಾನ್ಸ್‌ಫಾರ್ಮರಿನಲ್ಲಿ ಇಂಗ್ಲಿಷಿನ ‘ಇ’ ಮತ್ತು ‘ಐ’ ಅಕ್ಷರಗಳ ಆಕಾರದ ತಗಡುಗಳನ್ನು ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ಹೆಣೆಯುತ್ತಾರೆ. ಇಲ್ಲಿ ‘ಇ’ಗಳೆಲ್ಲ ಒಂದು ಕಡೆ, ‘ಐ’ಗಳೆಲ್ಲ ಎದುರು ಕಡೆ, ನಡುವೆ ತೆಳು ಕಾಗದದ ಪಟ್ಟಿ. ಕಾರಣ ಇದು: 24 ವೋಲ್ಟಿನ ಕ್ಲಾಸ್-ಎ (ಕರೆಂಟು ಸದಾ ಹರಿಯುತ್ತಲೇ ಇರುವ) ಹಂತದಲ್ಲಿ ಒಂಟಿ 2ಎನ್3055 ಟ್ರಾನ್ಸಿಸ್ಟರು ಎಳೆಯುವ ಡಿಸಿ (ಒಂದೇ ದಿಕ್ಕಿನ) ಕರೆಂಟು ಪ್ರೈಮರಿ (ಸಿಗ್ನಲ್ ಒಳಬರುವ) ಸುತ್ತಿನ ಮೂಲಕವೇ ಹಾಯಬೇಕು. ಸಂದು ಇಲ್ಲದಿದ್ದರೆ ಸಿಗ್ನಲ್ ಬರುವ ಮೊದಲೇ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹಿಡಿಸದಂತೆ ತುಂಬಿ) ಕೂತಿರುತ್ತದೆ, ಮೊದಲು ಕೆಡುವುದು ತಗ್ಗು ಸ್ವರಗಳು. ಸಂದು ಬಿಟ್ಟರೆ ಇಂಡಕ್ಟನ್ಸ್ (ಕರೆಂಟಿನ ಏರಿಳಿತಕ್ಕೆ ಒಡ್ಡುವ ತಡೆ) ಇಳಿಯುತ್ತದೆ, ಅದನ್ನು ತುಂಬಿಕೊಳ್ಳಲು ಕೋರ್ ದಪ್ಪ, ಸುತ್ತು ಹೆಚ್ಚು. ಟರ್ನ್ಸ್ ರೇಶಿಯೊ (ಎರಡು ಕಡೆಯ ಸುತ್ತುಗಳ ಅನುಪಾತ) ಮಾತ್ರ ನೋಡಿ ಸಂದಿಲ್ಲದ ಟ್ರಾನ್ಸ್‌ಫಾರ್ಮರನ್ನು ಬದಲಿಗೆ ಕೂರಿಸುವವರು ಏಟು ತಿನ್ನುವುದು ಇಲ್ಲೇ.

‘ಸಂದು’ ಎಂದು ಬರೆಯಿರಿ, ಸಾಕು.

---

ಸಾಲದು. ‘ಸಂದು’ ‘ಸಂಧಿ’ಯ ತದ್ಭವ. ಮೂಲದಲ್ಲಿ ಅದು ಕೂಡುವುದರ ಮಾತು, ಬಿಡುವುದರದಲ್ಲ. ಅಚ್ಚಗನ್ನಡದ ‘ಎಡೆ’ ಇರುವಾಗ ಸಂಸ್ಕೃತದ ಹಂಗೇಕೆ? ‘ಎಡೆಬಿಡದೆ’ ಎನ್ನುವಲ್ಲಿ ದಿನವೂ ಬಳಸುತ್ತೇವೆ.

---

‘ಕೋರಿಗೆ ಎಡೆ ಇಡಲಾಗಿದೆ’ ಎಂದು ಬರೆದು ನೋಡಿ, ಓದುಗ ಹಬ್ಬದ ಬಾಳೆಯೆಲೆ ಹುಡುಕುತ್ತಾನೆ. ತದ್ಭವ ಮೂಲದ ಅರ್ಥಕ್ಕೇ ಜೋತುಬೀಳಬೇಕೆಂಬ ನಿಯಮ ಯಾವ ವ್ಯಾಕರಣದಲ್ಲೂ ಇಲ್ಲ. ಬಾಗಿಲ ಸಂದಿನಲ್ಲಿ ಇಣುಕುವ ಭಾಷೆ ನಮ್ಮದು.

---

ಸಂದೋ ಎಡೆಯೋ ಆಮೇಲೆ. ಮೊದಲು ‘ಟ್ರಾನ್ಸ್‌ಫಾರ್ಮರ್’ ತೆಗೆಯಿರಿ. ಪತ್ರಿಕೆಗಳಲ್ಲಿ ‘ಪರಿವರ್ತಕ’ ಬೇರೂರಿದೆ. ಎಲ್ಲಕ್ಕೂ ಇಂಗ್ಲಿಷಿನ ಸಾಲ ಎತ್ತುವ ಚಟ ನಿಲ್ಲಬೇಕು.

---

ಕಂಬದ ಮೇಲಿನದಕ್ಕೆ ಸರಿ. ಸ್ಟುಡಿಯೋದಲ್ಲಿ ನಡೆಯದು. ನೀವ್ ಕಂಪನಿಯನ್ನು 1985ರಲ್ಲಿ ಸೀಮೆನ್ಸ್ ಕೊಂಡಿತು, 1992ರಲ್ಲಿ ಅದು ಡಿಜಿಟಲ್ ಉಪಕರಣಗಳ ಎಎಂಎಸ್ ಕಂಪನಿಯ ಜೊತೆ ಸೇರಿತು. ಆ ಅಧ್ಯಾಯ ಬಂದ ಕೂಡಲೇ ಅನಲಾಗನ್ನು ಡಿಜಿಟಲ್ ಮಾಡುವ ‘ಕನ್ವರ್ಟರ್’ ಬರುತ್ತದೆ. ಅದೂ ‘ಪರಿವರ್ತಕ’ವೇ? ಎರಡು ಬೇರೆ ಯಂತ್ರಭಾಗಕ್ಕೆ ಒಂದೇ ಹೆಸರಿಟ್ಟರೆ ರಿಪೇರಿ ಮಾಡುವವನು ಯಾವುದನ್ನು ಬಿಚ್ಚಬೇಕು? ಗೊಂದಲ ತಪ್ಪಿಸುವ ಸಾಲ ತಪ್ಪಲ್ಲ.

---

‘ಸಂದು’, ‘ಟ್ರಾನ್ಸ್‌ಫಾರ್ಮರ್’ ಎರಡನ್ನೂ ಇಟ್ಟುಕೊಳ್ಳುತ್ತೇನೆ. ‘ಗ್ಯಾಪ್ಡ್ ಟ್ರಾನ್ಸ್‌ಫಾರ್ಮರ್’ ‘ಸಂದುಳ್ಳ’ ಆಗಬಹುದೇ?

---

ಬೇಡ. ‘ಸಂದುಳ್ಳ’ ಎಂದರೆ ತಾನಾಗಿ ಆದದ್ದೋ ಮಾಡಿದ್ದೋ ತಿಳಿಯುವುದಿಲ್ಲ, ಮತ್ತೆ ಬಿರುಕಿನ ಹತ್ತಿರ ಹೋಗುತ್ತದೆ. ‘ಸಂದು ಬಿಟ್ಟ ಟ್ರಾನ್ಸ್‌ಫಾರ್ಮರ್’. ಮೊದಲ ಸಲ ಬಂದಾಗ ‘ಕಾಗದದ ಪಟ್ಟಿ ಇಟ್ಟು’ ಎಂದೂ ಸೇರಿಸಿ.