ಮನೆಗೆ ಎರಡನೆಯ ಮಗು ಬರುವ ಮುನ್ನ ಯಾವ ಸೆಕೆಂಡ್ ಹ್ಯಾಂಡ್ ಕಾರು?

ಪ್ರಶ್ನೆ, ಸ್ಲೌನಿಂದ:
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಾನು ಹಿಲಿಂಗ್‌ಡನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್, ಹೆಚ್ಚಾಗಿ ರಾತ್ರಿ ಪಾಳಿ. ಹೆಂಡತಿ ಏಳು ತಿಂಗಳ ಗರ್ಭಿಣಿ, ದೊಡ್ಡ ಮಗನಿಗೆ ನಾಲ್ಕು ವರ್ಷ, ಬಾಣಂತನಕ್ಕೆ ದಾವಣಗೆರೆಯಿಂದ ಅತ್ತೆಯವರು ಬರುತ್ತಾರೆ. ನಾಲ್ಕು ಸಾವಿರ ಪೌಂಡಿಗೆ 2013ರ ಏಳು ಸೀಟಿನ ಡೀಸೆಲ್ ಕಾರೊಂದು ಸಿಕ್ಕಿದೆ. ಶನಿವಾರದೊಳಗೆ ಮುಂಗಡ ಕೊಡಬೇಕಂತೆ. ಕೊಳ್ಳಬಹುದೇ? ತಿಳಿದವರು ದಯವಿಟ್ಟು ಹೇಳಿ.

ಕ್ರಾಯ್ಡನ್‌ನಿಂದ:
ಅಭಿನಂದನೆಗಳು. ಡೀಸೆಲ್ ಬೇಡ.

ಹೌನ್ಸ್ಲೋದಿಂದ:
ಮುಂಗಡ ಕೊಡಬೇಡಿ ಸರ್. ಸ್ಲೌ ಲಂಡನ್ನಿನ ಹೊರಗಿದ್ದರೂ ಹಿಲಿಂಗ್‌ಡನ್ ಒಳಗಿದೆ, ಮತ್ತು 2023ರ ಆಗಸ್ಟ್ 29ರಿಂದ ಯುಲೆಝ್, ಅಂದರೆ ಹೆಚ್ಚು ಹೊಗೆಯುಗುಳುವ ವಾಹನಗಳಿಂದ ಶುಲ್ಕ ವಸೂಲು ಮಾಡುವ ವಲಯ, ಲಂಡನ್ನಿನ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಅನ್ವಯಿಸುತ್ತದೆ. ಶುಲ್ಕ ತಪ್ಪಬೇಕಾದರೆ ಡೀಸೆಲ್ ಕಾರು ಯೂರೋ 6 ಎಂಬ ಹೊಗೆ ಮಾನದಂಡಕ್ಕೆ ಹೊಂದಿರಬೇಕು. 2013ರ ಡೀಸೆಲ್ ಕಾರುಗಳಲ್ಲಿ ಬಹುಪಾಲು ಅದಕ್ಕಿಂತ ಹಳೆಯವು. ಶುಲ್ಕ ದಿನಕ್ಕೆ 12.50 ಪೌಂಡ್, ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿಗೆ. ಸಂಜೆ ಹೋಗಿ ಬೆಳಿಗ್ಗೆ ಮರಳುವ ನಿಮಗೆ ಒಂದೇ ಪಾಳಿಗೆ ಎರಡು ದಿನದ ಶುಲ್ಕ, ಅಂದರೆ 25 ಪೌಂಡ್ ಬೀಳುತ್ತದೆ. ಸಾಲದ್ದಕ್ಕೆ, ಬರೀ ಹತ್ತಿರದ ಓಡಾಟದಲ್ಲಿ ಡೀಸೆಲ್ ಕಾರಿನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ಕಾರಿಗೆ ಯೂರೋ 4 ಸಾಕು, ಸಾಮಾನ್ಯವಾಗಿ 2006ರ ನಂತರದವೆಲ್ಲ ಹೊಂದುತ್ತವೆ.

ಯಾವ ಕಾರನ್ನು ನೋಡಲು ಹೋಗುವ ಮೊದಲೂ ಅದರ ನಂಬರನ್ನು ಸರ್ಕಾರಿ ಜಾಲತಾಣದಲ್ಲಿ ಹಾಕಿ ಎಂಓಟಿ (ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ವಾಹನ ತಪಾಸಣೆ) ಇತಿಹಾಸವನ್ನು ಓದಿ, ಅದು ಉಚಿತ. ಪ್ರತಿ ತಪಾಸಣೆಯ ದಿನದ ಮೈಲಿ, ಫೇಲ್ ಆದ ಕಾರಣ, ಮುಂದೆ ಗಮನಿಸಬೇಕೆಂದು ಬರೆದ ಸೂಚನೆ ಎಲ್ಲವೂ ಅಲ್ಲಿರುತ್ತವೆ. ಬ್ರೇಕ್ ಪೈಪಿಗೆ ತುಕ್ಕು ಹಿಡಿದಿದೆ ಎಂಬ ಸೂಚನೆ ವರ್ಷವರ್ಷವೂ ಮರುಕಳಿಸುತ್ತಿದ್ದರೆ ಹಿಂದಿನ ಮಾಲೀಕ ಅದಕ್ಕೆ ಹಣ ಹಾಕಿಲ್ಲ ಎಂದೇ ತಿಳಿಯಿರಿ. ಕಾರಿನ ಮೇಲೆ ಸಾಲ ಬಾಕಿ ಇದೆಯೇ, ಅಪಘಾತದಲ್ಲಿ ಕ್ಯಾಟ್ ಎಸ್ (ಕಾರಿನ ಚೌಕಟ್ಟಿಗೇ ಹಾನಿ) ಅಥವಾ ಕ್ಯಾಟ್ ಎನ್ (ಚೌಕಟ್ಟು ಬಿಟ್ಟು ಬೇರೆಡೆ ಹಾನಿ) ಎಂದು ಇನ್ಶೂರೆನ್ಸ್‌ನವರು ಕೈಬಿಟ್ಟ ಕಾರು ಆಗಿದೆಯೇ ಎಂಬುದಕ್ಕೆ ದುಡ್ಡು ಕೊಟ್ಟಾದರೂ ಹಿಸ್ಟರಿ ಚೆಕ್ ಮಾಡಿಸಿ. ಲಾಗ್ ಬುಕ್ (ಕಾರಿನ ನೋಂದಣಿ ಪತ್ರ) ಕೈಯಲ್ಲಿರುವುದು ಮಾಲೀಕತ್ವದ ಪುರಾವೆಯಲ್ಲ.

ರೆಡಿಂಗ್‌ನಿಂದ:
ಇಷ್ಟೆಲ್ಲ ಪರೀಕ್ಷೆ ಮಾಡಬೇಕಾದ ವಸ್ತುವಿನಲ್ಲಿ ಹಸುಗೂಸನ್ನು ಕೂರಿಸುವುದೇಕೆ? ಸ್ಪಷ್ಟವಾಗಿ ಹೇಳುತ್ತೇನೆ, ಸೆಕೆಂಡ್ ಹ್ಯಾಂಡ್ ಕಾರಿನ ಯೋಚನೆಯನ್ನೇ ಬಿಡಿ. ಪಿಸಿಪಿಯಲ್ಲಿ, ಅಂದರೆ ತಿಂಗಳ ಕಂತಿನ ಸಾಲದಲ್ಲಿ, ಹೊಸ ಕಾರು ತೆಗೆದುಕೊಳ್ಳಿ. ಅಪ್ಪನ ಕಾಲದ ಸ್ಕೂಟರ್ ಮನಃಸ್ಥಿತಿಯನ್ನು ಇಲ್ಲಿಗೂ ಹೊತ್ತು ತರುವುದರಿಂದಲೇ ನಮ್ಮವರು ಚಳಿಗಾಲದಲ್ಲಿ ಹೆದ್ದಾರಿಯ ಬದಿಯಲ್ಲಿ ನಿಲ್ಲುತ್ತಾರೆ. ನಮ್ಮ ಮನೆಯಲ್ಲಿ ಮೂರು ವರ್ಷಕ್ಕೊಮ್ಮೆ ಹೊಸ ಕಾರು ಬರುತ್ತದೆ, ಮಕ್ಕಳು ಸುರಕ್ಷಿತವಾಗಿದ್ದಾರೆ.

ಲೆಸ್ಟರ್‌ನಿಂದ:
ಕ್ಷಮಿಸಿ, ಇದನ್ನು ಒಪ್ಪಲಾರೆ. ಪಿಸಿಪಿಯಲ್ಲಿ ಕೊನೆಯ ದೊಡ್ಡ ಕಂತು ಕಟ್ಟುವವರೆಗೆ ಕಾರು ನಿಮ್ಮದಲ್ಲ, ಮತ್ತು ವೀಸಾ ನವೀಕರಣದ ಖರ್ಚು ಎದುರಿಗಿರುವ ಸಂಸಾರದ ಮೇಲೆ ಆ ಹೊರೆಯನ್ನು ಹೇರಬಾರದು. ನಮ್ಮ ಇಬ್ಬರು ಮಕ್ಕಳೂ ಹಳೆಯ ಟೊಯೋಟಾದಲ್ಲಿಯೇ ಬೆಳೆದರು. ಈಗ ಹಿರಿಯಳು ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಟೊಯೋಟಾ ಬಿಟ್ಟು ಬೇರೆ ನೋಡಬೇಡಿ.

ರೆಡಿಂಗ್‌ನಿಂದ:
ಹತ್ತು ವರ್ಷ ಹಳೆಯದಾದ ಮೇಲೆ ಟೊಯೋಟಾ ಕೂಡ ಹಳೆಯ ಕಾರೇ. ಮಕ್ಕಳ ಜೀವಕ್ಕಿಂತ ಕಂತು ದೊಡ್ಡದೇ?

ಹ್ಯಾರೋದಿಂದ:
ಇನ್ಶೂರೆನ್ಸ್ ವಿಷಯವನ್ನು ಯಾರೂ ಎತ್ತಲಿಲ್ಲ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ ಓಡಿಸಬಹುದು, ಅಷ್ಟರೊಳಗೆ ಇಲ್ಲಿನ ಪರೀಕ್ಷೆ ಪಾಸಾಗಬೇಕು. ಹೊಸಬರಿಗೆ ಇನ್ಶೂರೆನ್ಸ್ ಮೊತ್ತವೇ ಕಾರಿನ ಬೆಲೆಯ ದೊಡ್ಡ ಪಾಲಾಗಬಹುದು. ಆದ್ದರಿಂದ ಕಾರಿನ ನಂಬರ್ ಹಾಕಿ ಕೋಟ್ ಪಡೆದ ನಂತರವೇ ಬೆಲೆ ಮಾತಾಡಿ.

ಲೆಸ್ಟರ್‌ನಿಂದ:
ರೆಡಿಂಗ್‌ನವರಿಗೆ: ಕಾರಿನ ಸುರಕ್ಷತೆ ಅದರ ಟೈರು, ಬ್ರೇಕು, ಸರ್ವಿಸಿನಲ್ಲಿದೆ, ಷೋರೂಮಿನಲ್ಲಿಲ್ಲ.

ಸ್ಲೌನಿಂದ:
ಎಲ್ಲರಿಗೂ ಧನ್ಯವಾದಗಳು. ನಂಬರ್ ಹಾಕಿ ನೋಡಿದೆ. ಶುಲ್ಕ ಕಟ್ಟಬೇಕೆಂದೇ ಬಂತು. ಮಾರುವವರಿಗೆ ಬೇಡವೆಂದು ತಿಳಿಸಿದ್ದೇನೆ. ಹೊಸ ಕಾರಿನ ಕಂತು ನಮ್ಮ ಕೈಗೆ ನಿಲುಕುವುದಿಲ್ಲ. ಈಗ ಪೆಟ್ರೋಲ್ ಹೋಂಡಾ ಜಾಝ್ ಒಂದನ್ನು ನೋಡುತ್ತಿದ್ದೇನೆ. ಎಂಓಟಿ ಇತಿಹಾಸ ಸ್ವಚ್ಛವಾಗಿದೆ. ಹಿಂದಿನ ಎರಡು ಬದಿಯಲ್ಲಿ ಮಕ್ಕಳ ಸೀಟುಗಳನ್ನು ಕಟ್ಟಿದ ಮೇಲೆ ನಡುವೆ ಅತ್ತೆಯವರು ಕೂರುವಷ್ಟು ಜಾಗ ಉಳಿಯುತ್ತದೆಯೇ? ಆ ಕಾರಿರುವವರು ದಯವಿಟ್ಟು ತಿಳಿಸಿ.