ಗೊರೆಮೆಯ ಗುಹಾ ಚರ್ಚುಗಳು: ಒಂದೇ ದಿನ ಇದ್ದರೆ ಗೈಡ್ ಜೊತೆ ಹೋಗಬೇಕಾ?

ಊರೂರು ಸುತ್ತು
ಟರ್ಕಿಗೆ ಹೊರಟಿದ್ದೇವೆ. ಗೊರೆಮೆ ಊರಿರುವ ಕಪಡೋಕಿಯಾ ಪ್ರದೇಶಕ್ಕೆ ಸಿಗುವುದು ಒಂದೇ ಪೂರ್ತಿ ದಿನ. ಬಲೂನ್ ಹತ್ತುವ ಆಸೆ ಇಲ್ಲ. ಬಂಡೆ ಕೊರೆದು ಮಾಡಿದ ಹಳೇ ಚರ್ಚುಗಳು, ಅವುಗಳ ಒಳಗಿನ ಚಿತ್ರಗಳು, ಆ ವಿಚಿತ್ರ ಕಲ್ಲಿನ ಗೋಪುರಗಳು, ಇಷ್ಟು ನೋಡಬೇಕು. ಹೋಟೆಲ್‌ನವರು ಎರಡು ಟೂರ್ ಹೇಳುತ್ತಿದ್ದಾರೆ. ರೆಡ್ ಟೂರ್‌ನಲ್ಲಿ ಗೊರೆಮೆ ಬಯಲು ಮ್ಯೂಸಿಯಂ (ಗುಹಾ ಚರ್ಚುಗಳಿರುವುದು ಇಲ್ಲೇ), ಉಚ್‌ಹಿಸಾರ್ ಕೋಟೆ, ಪಾಶಾಬಾದ ಕಲ್ಲಿನ ಗೋಪುರಗಳು, ಮಡಕೆ ಮಾಡುವ ಊರು ಅವಾನೋಸ್. ಗ್ರೀನ್ ಟೂರ್‌ನಲ್ಲಿ ದೆರಿನ್‌ಕುಯು ಎಂಬ ನೆಲದಡಿಯ ಊರು, ಇಹ್ಲಾರಾ ಕಣಿವೆ, ಸೆಲಿಮೆಯ ಬಂಡೆ ಕೊರೆದ ಮಠ. ಅಮ್ಮನೂ ಬರುತ್ತಾರೆ, ಅವರಿಗೆ ಮಂಡಿನೋವು. ಗೈಡ್ ಜೊತೆ ಹೋಗುವುದಾ, ನಾವೇ ಹೋಗುವುದಾ?

ದೋಹಾ ಕನ್ನಡಿಗ
ಕಣ್ಣು ಮುಚ್ಚಿಕೊಂಡು ರೆಡ್ ಟೂರ್ ತಗೊಳ್ಳಿ. ಗೈಡ್ ಇಲ್ಲದಿದ್ದರೆ ಅಲ್ಲಿ ಕಾಣುವುದು ಬರೀ ತೂತು ಬಿದ್ದ ಬಂಡೆ. ಎರ್ಜಿಯೆಸ್, ಹಸನ್ ಎಂಬ ಜ್ವಾಲಾಮುಖಿ ಬೆಟ್ಟಗಳಿವೆ. ಅಲ್ಲಿನ ಜ್ವಾಲಾಮುಖಿಗಳು ಲಕ್ಷಾಂತರ ವರ್ಷ ಉಗುಳಿದ ಬೂದಿಯೇ ಗಟ್ಟಿಯಾಗಿ ಈ ಮೆತ್ತನೆ ಕಲ್ಲಾಗಿದೆ. ಕೆಲವು ಕಡೆ ಮೇಲೆ ಗಟ್ಟಿ ಕಲ್ಲಿನ ಪದರ ಕೂತಿದೆ. ಮಳೆ ಗಾಳಿಗೆ ಸುತ್ತಲಿನ ಮೆತ್ತನೆ ಕಲ್ಲು ಕರಗಿತು, ಗಟ್ಟಿ ಟೋಪಿಯ ಅಡಿಯಲ್ಲಿದ್ದದ್ದು ಉಳಿಯಿತು. ಪಾಶಾಬಾದಲ್ಲಿ ಒಂದೇ ಕಾಂಡಕ್ಕೆ ಮೂರು ತಲೆ ಇರುವ ಗೋಪುರಗಳಿವೆ. ಇದನ್ನೆಲ್ಲ ಎದುರಿಗೇ ನಿಂತು ಯಾರಾದರೂ ತೋರಿಸಿ ಹೇಳಿದಾಗ ಆಗುವ ಬೆರಗೇ ಬೇರೆ.

ಕಲ್ಲಿನ ಹುಚ್ಚು
ಗೈಡ್ ಬೇಕು ಅನ್ನುವುದು ಸರಿ. ಆದರೆ ಬಸ್ ಟೂರ್ ಬೇಡ. ನಾವು ಹೋದಾಗ ಅವಾನೋಸ್‌ನ ಮಡಕೆ ಅಂಗಡಿಯಲ್ಲಿ ಒಂದು ಗಂಟೆಗೂ ಜಾಸ್ತಿ ಕೂರಿಸಿದರು. ಗೊರೆಮೆ ಮ್ಯೂಸಿಯಂಗೆ ಕೊಟ್ಟದ್ದು ಅದಕ್ಕಿಂತ ಕಡಿಮೆ! ಅವಾನೋಸ್‌ನವರು ಕೆಂಪು ನದಿ ಕಿಝಿಲಿರ್ಮಾಕ್‌ನ ಮಣ್ಣಿನಲ್ಲಿ ತಲೆತಲಾಂತರದಿಂದ ಮಡಕೆ ಮಾಡುತ್ತಿದ್ದಾರೆ, ಅವರ ಬಗ್ಗೆ ಗೌರವ ಇದೆ. ಆದರೆ ಒಂದೇ ದಿನ ಇರುವವರಿಗೆ ಇದು ಅನ್ಯಾಯ. ಇನ್ನೊಂದು ವಿಷಯ. ಚರ್ಚುಗಳು ಪುಟ್ಟವು, ಜನ ಜಾಸ್ತಿ. ನಮ್ಮ ಗೈಡ್ ಬಿಸಿಲಲ್ಲಿ ಬಾಗಿಲ ಹೊರಗೆ ನಿಂತು ಎಲ್ಲ ಹೇಳಿದರು. ನಾವು ಒಳಗೆ ಹೋಗುವ ಹೊತ್ತಿಗೆ ಯಾವ ಚಿತ್ರ ಯಾವುದು ಅಂತ ಮರೆತೇ ಹೋಗಿತ್ತು.

ಗದಗಿನವಳು
ಮ್ಯೂಸಿಯಂ ಊರಿನಿಂದ ಒಂದೂವರೆ ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ನೀವೇ ಹೋಗಿ, ಬಸ್‌ಗಳು ಬರುವ ಮುಂಚೆ. ಮೊದಲು ಕರಾನ್‌ಲಿಕ್ ಕಿಲಿಸೆಗೆ, ಅಂದರೆ ಕತ್ತಲೆ ಚರ್ಚಿಗೆ. ಅದಕ್ಕೆ ಬೇರೆ ಟಿಕೆಟ್, ದುಡ್ಡು ನೋಡಬೇಡಿ. 11ನೇ ಶತಮಾನದ್ದು. ಬೆಳಕು ಬರುವುದು ಒಂದು ಚಿಕ್ಕ ಕಿಟಕಿಯಿಂದ ಮಾತ್ರ. ಬಿಸಿಲು ತಾಗದ್ದರಿಂದಲೇ ಬಣ್ಣ ಉಳಿದಿದೆ. ಆ ಕಡುನೀಲಿ ಹಿನ್ನೆಲೆಯಲ್ಲಿ ಯೇಸುವಿನ ಜನನ, ಯೂದನ ದ್ರೋಹ, ಶಿಲುಬೆ. 1950ರ ದಶಕದವರೆಗೂ ಇದನ್ನು ಪಾರಿವಾಳದ ಗೂಡಾಗಿ ಬಳಸುತ್ತಿದ್ದರು. ಹಿಕ್ಕೆ ದ್ರಾಕ್ಷಿ ತೋಟಕ್ಕೆ ಗೊಬ್ಬರ. ಆಮೇಲೆ ಗೋಡೆಗೆ ಅಂಟಿದ್ದನ್ನೆಲ್ಲ ತಾಳ್ಮೆಯಿಂದ ಕೆರೆದು ತೆಗೆದರು.

ಗೈಡ್‌ಗಳ ಮಾತನ್ನೂ ಪೂರ್ತಿ ನಂಬಬೇಡಿ. ಸಂತ ಬಾರ್ಬರಾ ಚರ್ಚಿನಲ್ಲಿ ಬಂಡೆಯ ಮೇಲೇ ಕೆಂಪು ಕಾವಿಯಲ್ಲಿ ಗೀಟುಗಳು, ಶಿಲುಬೆಗಳು, ಒಂದು ವಿಚಿತ್ರ ಪ್ರಾಣಿ ಬರೆದಿದ್ದಾರೆ. ಆಗ ಇಲ್ಲಿ ಆಳುತ್ತಿದ್ದ ಬೈಜಾಂಟಿಯಂ ಎಂಬ ಕ್ರೈಸ್ತ ಸಾಮ್ರಾಜ್ಯದಲ್ಲಿ ಸಂತರ ಚಿತ್ರಗಳಿಗೆ ನಿಷೇಧ ಇತ್ತಲ್ಲ, 726ರಿಂದ 843ರವರೆಗೆ (ನಡುವೆ ಸ್ವಲ್ಪ ಕಾಲ ಬಿಟ್ಟು), ಆ ಕಾಲದ್ದು ಇದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪಕ್ಕದ ಎಲ್ಮಾಲಿ ಚರ್ಚು 11ನೇ ಶತಮಾನದ್ದು. ಅಲ್ಲಿ ಗಾರೆ ಉದುರಿದ ಕಡೆ ನೋಡಿ, ಕೆಳಗೆ ಅದೇ ಥರದ ಕೆಂಪು ಗುರುತುಗಳು. ನಿಷೇಧ ಮುಗಿದು ಇನ್ನೂರು ವರ್ಷ ಆದಮೇಲೂ ಹೀಗೆ ಬರೆಯುತ್ತಿದ್ದರು ಅಂತಾಯಿತು. ಬಾರ್ಬರಾ ಚರ್ಚು ಕೂಡ 11ನೇ ಶತಮಾನದ್ದೇ.

ದೋಹಾ ಕನ್ನಡಿಗ
ಇಷ್ಟೆಲ್ಲ ಓದಿಕೊಂಡು ಹೋಗುವವರು ಎಷ್ಟು ಜನ ಹೇಳಿ? ನಿಮಗೆ ಆಸಕ್ತಿ ಇದೆ, ಓದಿದಿರಿ. ಸಾಮಾನ್ಯ ಕುಟುಂಬಕ್ಕೆ ಗೈಡ್ ಹೇಳಿದ್ದೇ ದೊಡ್ಡದು. ಒಂದೆರಡು ತಪ್ಪು ಇದ್ದರೂ ಏನೂ ಗೊತ್ತಿಲ್ಲದೆ ಸುಮ್ನೆ ನೋಡಿ ಬರುವುದಕ್ಕಿಂತ ಮೇಲು.

ತುಂಗಾತೀರ
ನನಗೆ ಬೇಜಾರಾದದ್ದು ಬೇರೆ. ಎಷ್ಟೋ ಸಂತರ ಕಣ್ಣು, ಮುಖ ಕೆರೆದು ಹಾಕಿದ್ದಾರೆ. ಮುಸ್ಲಿಮರು ಬಂದಮೇಲೆ ಮಾಡಿದ್ದು ಅಂತ ಗೈಡ್ ಒಂದೇ ಸಾಲಿನಲ್ಲಿ ಮುಗಿಸಿದರು. ಅಂಥ ಕಲೆಯನ್ನು ಹಾಳುಮಾಡಲು ಮನಸ್ಸಾದರೂ ಹೇಗೆ ಬಂತು?

ಗದಗಿನವಳು
ಒಂದೇ ಸಾಲಿನಲ್ಲಿ ಮುಗಿಯುವ ಕಥೆ ಅಲ್ಲ ಇದು. ಚಿತ್ರದ ಕಣ್ಣಿಗೆ ಹೆದರಿ ಕೆರೆದದ್ದು ಇದೆ, ನಿಜ. ಆದರೆ ಗೋಡೆಗಳ ಮೇಲೆ ಗ್ರೀಕ್ ಅಕ್ಷರದಲ್ಲಿ ಕೆತ್ತಿದ ಹೆಸರುಗಳೂ ಇವೆ. ಅವನ್ನು ಕೆತ್ತಿದವರು ಕ್ರೈಸ್ತರೇ. ಪ್ರವಾಸಿಗರು ಗೀಚಿದ್ದೂ ಸಾಕಷ್ಟಿದೆ. ಅಲ್ಲದೆ ಸೆಲ್ಜುಕ್, ಆಟೊಮನ್ ಎಂಬ ಮುಸ್ಲಿಂ ತುರ್ಕರ ಆಳ್ವಿಕೆ ಬಂದಮೇಲೂ ಗ್ರೀಕ್ ಕ್ರೈಸ್ತರು ಇಲ್ಲೇ ಬಾಳಿದರು. ಅವರು ಊರು ಬಿಟ್ಟದ್ದು 1923ರ ಒಪ್ಪಂದದಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡಾಗ. ಗ್ರೀಸ್‌ನಿಂದ ಬಂದ ಮುಸ್ಲಿಮರೂ ಅಷ್ಟೇ, ಹುಟ್ಟಿದ ಮನೆ ಬಿಟ್ಟು ಬಂದವರು. ಗೈಡ್ ಈ ಭಾಗ ಹೇಳದಿದ್ದರೆ ಕೇಳಿ, ಅವರಿಗೆ ಗೊತ್ತಿರುತ್ತದೆ.

ಕಲ್ಲಿನ ಹುಚ್ಚು
ಬಾದಾಮಿ ನೋಡಿದವರಿಗೆ ಇಲ್ಲಿ ಒಂದು ವಿಷಯ ಥಟ್ಟನೆ ಹೊಳೆಯುತ್ತದೆ. ಬಾದಾಮಿಯದು ಮರಳುಗಲ್ಲು, ಗೊರೆಮೆಯದು ಬೂದಿಗಲ್ಲು. ಗೊರೆಮೆಯ ಕಲ್ಲು ಕೊರೆಯುವಾಗ ಮೆತ್ತಗೆ, ಗಾಳಿ ತಾಗಿದಮೇಲೆ ಗಟ್ಟಿ. ಆದರೆ ಎರಡೂ ಕಡೆ ಬಂಡೆಯೊಳಗೆ ಕಂಬ ಬಿಡಿಸಿದ್ದಾರೆ, ಕಟ್ಟಿದ ಕಟ್ಟಡದಲ್ಲಿ ಇರುವ ಹಾಗೆಯೇ. ಗೊರೆಮೆಯಲ್ಲಿ ಗುಮ್ಮಟ ಕೂಡ. ಕೆಲವು ಚರ್ಚುಗಳಲ್ಲಿ ಕಂಬ ಮುರಿದು ಬಿದ್ದಿದೆ, ಸೂರು ಮಾತ್ರ ಹಾಗೇ ನಿಂತಿದೆ. ಅದನ್ನು ನೋಡುತ್ತಾ ಎಷ್ಟು ಹೊತ್ತಾದರೂ ನಿಲ್ಲಬಹುದು. ಬಸ್ ಟೂರ್‌ನಲ್ಲಿ ನಿಲ್ಲಲು ಬಿಡುವುದಿಲ್ಲ, ನನ್ನ ತಕರಾರು ಅಷ್ಟೇ.

ತುಂಗಾತೀರ
ಅಮ್ಮನ ಮಂಡಿ ಬಗ್ಗೆ ಯಾರೂ ಹೇಳಲಿಲ್ಲ! ಗ್ರೀನ್ ಟೂರ್ ಖಂಡಿತ ಬೇಡ. ಇಹ್ಲಾರಾಗೆ ಇಳಿಯುವುದೇ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಕೆಳಗೆ ಮೆಲೆಂದಿಜ್ ಹೊಳೆ ಪಕ್ಕದ ನಡಿಗೆ ಚೆಂದ, ಬೆಲಿಸಿರ್ಮಾದಲ್ಲಿ ನೀರಿನ ಮೇಲೇ ಊಟದ ಕಟ್ಟೆಗಳಿವೆ. ಆದರೆ ಮಂಡಿನೋವು ಇರುವವರಿಗೆ ಕಷ್ಟ. ದೆರಿನ್‌ಕುಯು ಇನ್ನೂ ಕಷ್ಟ, ಇಕ್ಕಟ್ಟಾದ ಸುರಂಗದಲ್ಲಿ ಬಗ್ಗಿಕೊಂಡೇ ನಡೆಯಬೇಕು. ಗೊರೆಮೆಯಲ್ಲೂ ಏರಿಳಿತ, ಮೆಟ್ಟಿಲು ಇವೆ, ಆದರೆ ಕೂತು ಕೂತು ನೋಡಬಹುದು.

ಊರೂರು ಸುತ್ತು
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಬೆಳಿಗ್ಗೆ ಮ್ಯೂಸಿಯಂಗೆ ಒಬ್ಬ ಗೈಡ್‌ರನ್ನು ನಮ್ಮಷ್ಟಕ್ಕೇ ಮಾತಾಡಿಕೊಂಡು, ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಪಾಶಾಬಾ ಮತ್ತು ಉಚ್‌ಹಿಸಾರ್ ನೋಡುತ್ತೇವೆ. ಅವಾನೋಸ್ ಬಿಡುತ್ತೇವೆ.

ದೋಹಾ ಕನ್ನಡಿಗ
ಖರ್ಚು ಬಸ್ ಟೂರ್‌ಗಿಂತ ಜಾಸ್ತಿ ಆಗುತ್ತದೆ. ಒಬ್ಬಿಬ್ಬರೇ ಹೋಗುವವರಿಗೆ ನಾನು ಈಗಲೂ ರೆಡ್ ಟೂರ್ ಅಂತಲೇ ಹೇಳುತ್ತೇನೆ. ನಿಮ್ಮದು ಕುಟುಂಬ, ಹಂಚಿಕೊಂಡರೆ ಸರಿಹೋಗುತ್ತದೆ.

ಗದಗಿನವಳು
ಮ್ಯೂಸಿಯಂನಿಂದ ಹೊರಬಂದಮೇಲೆ ಟಿಕೆಟ್ ಎಸೆಯಬೇಡಿ. ತೋಕಾಲಿ ಚರ್ಚು ಗೇಟಿನ ಹೊರಗೆ, ಊರಿಗೆ ವಾಪಸು ಹೋಗುವ ರಸ್ತೆ ಪಕ್ಕದಲ್ಲಿದೆ. ಟಿಕೆಟ್ ಅದೇ. ಅಲ್ಲಿನ ಚರ್ಚುಗಳಲ್ಲೆಲ್ಲ ಅದೇ ದೊಡ್ಡದು, 10ನೇ ಶತಮಾನದ್ದು. ಬಸ್‌ನವರು ಎಷ್ಟೋ ಸಲ ಅದನ್ನು ಬಿಟ್ಟೇ ಹೊರಡುತ್ತಾರೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದು ಒಳ್ಳೆಯದೇ. ಅಮ್ಮನನ್ನು ಒಂದು ಕಡೆ ನಿಲ್ಲಿಸಿ, ಅಲ್ಲಿನ ಚಿತ್ರಗಳ ನೀಲಿಯನ್ನು ಸಮಾಧಾನವಾಗಿ ನೋಡಲಿ.