ಎರಿ ಮಣ್ಣಿಗೆ ಸುಣ್ಣ, ಬೂದಿ: ಗೋದಾಮಿನ ನೆಲಕ್ಕ ಎಷ್ಟು, ಹೆಂಗ?

ಪ್ರಶ್ನೆ, ಜೇವರ್ಗಿ:
ತೊಗರಿ ಚೀಲ ಇಡೋ ಗೋದಾಮು ಕಟ್ಟೋದದ. ನೆಲ 20 ಮೀಟರ್ ಉದ್ದ, 10 ಮೀಟರ್ ಅಗಲ. ಪೂರಾ ಎರಿ ಭೂಮಿ, ಬ್ಯಾಸಗಿಯಾಗ ಕೈ ಇಳಿಯೋವಷ್ಟು ಬಿರುಕು. ಎಲ್ಲಾ ತೆಗೆದು ಮುರುಮ್ ತುಂಬಾಕ ಖರ್ಚು ಭಾಳ. ಸುಣ್ಣ, ಬೂದಿ ಕಲಸಿದ್ರ ನಡೀತದೇನ್ರಿ?

ಸೇಡಂನಿಂದ:
ನೆಲಕ್ಕ ನಡೀತದ್ರಿ. ಗ್ವಾಡಿ, ಕಂಬದ ಪಾಯಕ್ಕ ಮಾತ್ರ ಇದನ್ನ ನಂಬಬ್ಯಾಡ್ರಿ. ಅದಕ್ಕ ಎಂಜಿನಿಯರ್ ಕಡಿಂದ ಅಂಡರ್‌ರೀಮ್ಡ್ ಪೈಲ್ (ನೆಲದಾಳಕ್ಕ ಇಳಿಸೋ, ಬುಡ ಅಗಲ ಇರೋ ಕಾಂಕ್ರೀಟ್ ಕಂಬ) ಲೆಕ್ಕ ಮಾಡಿಸ್ರಿ.

ಮೊದ್ಲು ಮಣ್ಣು ಎಷ್ಟು ಉಬ್ಬತದ ನೋಡ್ರಿ. 425 ಮೈಕ್ರಾನ್ ಜರಡಿ ಹಿಡಿದ ಒಣ ಪುಡಿ 10 ಗ್ರಾಂ ನೀರಿನ ಅಳತಿ ಗಾಜಿಗೆ, 10 ಗ್ರಾಂ ಸೀಮೆಎಣ್ಣೆ ಗಾಜಿಗೆ ಹಾಕಿ 24 ತಾಸು ಬಿಡ್ರಿ. ತಳಕ್ಕ ಕುಂತ ಮಣ್ಣು ಸೀಮೆಎಣ್ಣೆಯಾಗ 10 ಮಿಲಿ, ನೀರಾಗ 18 ಮಿಲಿ ಬಂದ್ರ, 10ಕ್ಕ 8 ಹೆಚ್ಚು, ಅಂದ್ರ ಉಬ್ಬು 80%. 50% ದಾಟಿದ್ರ ಹುಷಾರಾಗ್ರಿ. ಸುಣ್ಣ 3, 5, 7% ಕಲಸಿದ ಮಣ್ಣಿಗೂ ಇದನ್ನೇ ಮಾಡಿ, ಎಲ್ಲಿ ಉಬ್ಬು ನಿಲ್ತದ ಅಲ್ಲಿಗೆ ಪ್ರಮಾಣ ಹಿಡೀರಿ.

5% ಸುಣ್ಣ, 15% ಬೂದಿ ಅಂತ ಹಿಡಿದ್ರ ನಿಮ್ಮ ಲೆಕ್ಕ ಹಿಂಗ: 15 ಸೆಂ.ಮೀ. ದಪ್ಪದ ಎರಡು ಪದರು ಅಂದ್ರ 60 ಘನ ಮೀಟರ್, ಒಣ ಮಣ್ಣು ಸುಮಾರು 90 ಟನ್. ಸುಣ್ಣ 4.5 ಟನ್, ಬೂದಿ 13.5 ಟನ್. ಗ್ವಾಡಿ ಹೊರಗೂ ಒಂದು ಮೀಟರ್ ಹಾಯಿಸ್ರಿ, ಆ ಲೆಕ್ಕ ಬ್ಯಾರೆ ಕೂಡಿಸ್ರಿ.

ಶಹಾಪುರದಿಂದ:
ಬೂದಿ ಎಲ್ಲಾ ಒಂದೇ ಅಲ್ರಿ. ಶಕ್ತಿನಗರದ ವಿದ್ಯುತ್ ಸ್ಥಾವರದಾಗ ಕಲ್ಲಿದ್ದಲು ಸುಟ್ಟು ಬರೋ ಹಾರುಬೂದಿಯಾಗ ಸುಣ್ಣದಂಶ ಕಮ್ಮಿ, ಅದೊಂದೇ ಹಾಕಿದ್ರ ಗಟ್ಟಿ ಆಗಂಗಿಲ್ಲ. ಸುಣ್ಣ ಕೂಡಿದ್ರ ಬೂದಿಯ ಸಿಲಿಕಾ ಜೊತೆ ಬೆಸೀತದ, ವಾರಗಟ್ಟಲೆ ಬಲ ಏರ್ತದ. ಒಣ ಬೂದಿನೇ ತರ್ರಿ, ಹೊಂಡದಾಗ ನೆನೆದದ್ದು ಮಂದ. ಸಕ್ಕರಿ ಕಾರ್ಖಾನಿ ಬೂದಿ ಕರ್ರಗಿದ್ರ ಸುಡದ ಇದ್ದಲಿ ಉಳಿದದ ಅಂತ, ತರಬ್ಯಾಡ್ರಿ.

ಮಣ್ಣಾಗ ಹೊಳಿಯೋ ಜಿಪ್ಸಂ ಹರಳು ಕಂಡ್ರ ಪ್ರಯೋಗಾಲಯದಾಗ ಸಲ್ಫೇಟ್ ನೋಡಿಸದೆ ಸುಣ್ಣ ಮುಟ್ಟಬ್ಯಾಡ್ರಿ. ಸಲ್ಫೇಟ್, ಸುಣ್ಣ, ನೀರು ಸೇರಿದ್ರ ಹೊಸ ಹರಳು ಬೆಳೆದು ನೆಲ ಮೊದಲಿನಕ್ಕಿಂತ ಜೋರಾಗಿ ಎತ್ತತದ.

ಚಿಂಚೋಳಿಯಿಂದ:
ಕೆಲಸ ಕೆಡೋದು ಹೆಂಟಿಯಿಂದ. ರೋಟಾವೇಟರ್ ಹೊಡೆದು ಪುಡಿ ಮಾಡ್ರಿ. ಹೆಂಟಿ ಒಳಗ ಸುಣ್ಣ ಇಳಿಯಂಗಿಲ್ಲ, ಮುಂದ ಅದೇ ಉಬ್ಬತದ. ಅರ್ಧ ಸುಣ್ಣ ಹಾಕಿ ನೀರು ಚಿಮಕಿಸಿ ಕಲಸಿ ಒಂದೆರಡು ದಿನ ಬಿಟ್ರ ಮಣ್ಣು ತಾನೇ ಉದುರಾಗ್ತದ. ಆಮ್ಯಾಲ ಉಳಿದ ಸುಣ್ಣ, ಬೂದಿ ಹಾಕಿ, ಮುಷ್ಟಿಯಾಗ ಹಿಡಿದ್ರ ಉಂಡಿ ಕಟ್ಟೋ ಹದಕ್ಕ ನೀರು ಕೊಟ್ಟು ಅದೇ ದಿನ ರೋಲರ್ ಹೊಡೀರಿ. ಏಳು ದಿನ ಒಣಗಾಕ ಬಿಡಬ್ಯಾಡ್ರಿ, ಗಾಡಿ ಹಾಯಿಸಬ್ಯಾಡ್ರಿ. ಗಾಳಿ ಇದ್ದಾಗ ಸುಣ್ಣ ಚೆಲ್ಲಬ್ಯಾಡ್ರಿ. ಕೆಲಸದವರಿಗೆ ಕನ್ನಡಕ, ಕೈಗವಸು ಬೇಕೇ ಬೇಕು.

ಜೇವರ್ಗಿ:
ಹೋದ ವರ್ಷದ ಸುಣ್ಣದ ಚೀಲ ಅವ, ಬಾಯಿ ಬಿಚ್ಚಿದ್ದು. ಹಾಕಬಹುದೇನ್ರಿ?

ಸೇಡಂನಿಂದ:
ಬ್ಯಾಡ್ರಿ. ಗಾಳಿ ತಾಗಿ ಅದು ಸುಣ್ಣದಕಲ್ಲಿನ ಪುಡಿ ಆಗಿರ್ತದ. ಲಿಂಬಿ ರಸ ಹನಿಸಿ ನೋಡ್ರಿ, ಬುರುಬುರು ನೊರೆ ಬಂದ್ರ ಕೆಟ್ಟದ ಅಂತ ತಿಳೀರಿ.